ಕೊಬ್ಬರಿ ಓಬಳಯ್ಯನ ಕಿವಿ

ಗುಬ್ಬಿ ಪೇಟೆಯ ಚನ್ನವೀರಯ್ಯನವರ ಕಾಯಿ ಮಂಡಿಯಲ್ಲಿ ಓಬಳಯ್ಯ ಅಟ್ಟದ ಮೇಲೆ ಕೂತು ನಲವತ್ತು ವರ್ಷ ಕಳೆದ. ಕೆಳಗೆ ತಕ್ಕಡಿ, ಲಾರಿ, ಕೂಗಾಟ. ಮೇಲೆ ಅವನು ಮತ್ತು ಕಾಯಿ. ಬಲಿತ ತೆಂಗಿನಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆದರೆ ಹೊರಗಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ ಮುಖದ ಅಣ್ಣತಮ್ಮಂದಿರು. ಒಂದರೊಳಗೆ ಕೊಬ್ಬರಿ ಬಿಟ್ಟಿರುತ್ತದೆ, ಒಂದರಲ್ಲಿ ಇನ್ನೂ ಗುಟುಕು ನೀರು ಉಳಿದಿರುತ್ತದೆ, ಇನ್ನೊಂದು ಒಳಗೊಳಗೇ ಕೊಳೆತಿರುತ್ತದೆ. ಒಡೆದು ನೋಡುವ ಹಾಗಿಲ್ಲ. ಹೊತ್ತಿಗೆ ಮುಂಚೆ ಒಡೆದ ಕಾಯಿ ಅಡುಗೆಗೂ ಇಲ್ಲ, ಮಂಡಿಗೂ ಇಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೇಳಿ ಹೇಳಬೇಕು.

ಆ ವಿದ್ಯೆಯನ್ನು ಅವನಿಗೆ ಕಲಿಸಿದವನು ಹೊನ್ನಯ್ಯ ಎಂಬ ಮುದುಕ. ಮೊದಲ ದಿನ ಓಬಳಯ್ಯ ಒಂದು ಕಾಯಿ ಎತ್ತಿ ಅಲ್ಲಾಡಿಸಿ, ಏನೂ ತಿಳಿಯದೆ ಪೆಚ್ಚಾಗಿ ನಿಂತಿದ್ದ. ಹೊನ್ನಯ್ಯ ಎಲೆಅಡಿಕೆ ಉಗಿದು ಬಂದು ಅವನ ಇನ್ನೊಂದು ಕೈಗೆ ಮತ್ತೊಂದು ಕಾಯಿ ಕೊಟ್ಟ.

"ಒಂದು ಕಾಯಿ ಮಾತಾಡಕ್ಕಿಲ್ಲ ಕಣ್ಲಾ. ಎಲ್ಡು ಇಟ್ಕಂಡ್ರೆ ಮಾತಾಡ್ತವೆ. ಎಡಗೈದು ಗೊತ್ತಿರೋ ಕಾಯಿ, ಬಲಗೈದು ಗೊತ್ತಿಲ್ದಿದ್ದು. ಈಗ ಕೇಳು."

ಆ ಎಡಗೈ ಕಾಯಿಗೆ ಅಟ್ಟದವರು ತಾಯಿಕಾಯಿ ಎನ್ನುತ್ತಿದ್ದರು. ಗಾತ್ರ ಒಂದೇ, ತೂಕ ಒಂದೇ, ತೋಟ ಒಂದೇ ಇರಬೇಕು. ಒಳಗಿನ ಸದ್ದೊಂದು ಮಾತ್ರ ಬೇರೆ ಇದ್ದರೆ ಕಿವಿ ಅದನ್ನು ಕಚ್ಚಿ ಹಿಡಿಯುತ್ತದೆ. ದೊಡ್ಡ ಕಾಯಿಯ ಪಕ್ಕ ಚಿಕ್ಕ ಕಾಯಿ ಇಟ್ಟು ಕೇಳಿದರೆ ಯಾವ ವ್ಯತ್ಯಾಸ ಯಾವುದರಿಂದ ಬಂತೆಂದು ತಿಳಿಯದೆ ಕಿವಿ ಗಾಬರಿಯಾಗುತ್ತದೆ. ಇಷ್ಟು ಕಲಿಯುವುದಕ್ಕೆ ಓಬಳಯ್ಯನಿಗೆ ಮೂರು ವರ್ಷ ಬೇಕಾಯಿತು. ಕಲಿತ ಮೇಲೆ, ಎಪ್ಪತ್ತರ ದಶಕ ಬರುವ ಹೊತ್ತಿಗೆ, ಅವನು ವಿಂಗಡಿಸಿದ ರಾಶಿಯನ್ನು ಯಾವ ವ್ಯಾಪಾರಿಯೂ ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ. ಹೊನ್ನಯ್ಯ ತೀರಿಕೊಂಡಾಗಿನಿಂದ ಓಬಳಯ್ಯ ಪ್ರತಿ ವರ್ಷ ಅಟ್ಟ ಇಳಿಸುವಾಗ ಒಂದು ಒಳ್ಳೆಯ ಕಾಯನ್ನು ಅವನ ಹೆಸರಲ್ಲಿ ತೆಗೆದು ಮನೆಯ ದೇವರ ಗೂಡಿನಲ್ಲಿಡುತ್ತಿದ್ದ. ಹೊಳೆ ದಾಟಿಸಿದ ಅಂಬಿಗನನ್ನು ಮರೆಯುವ ಜಾಯಮಾನ ಅವನದಲ್ಲ.

ಇಷ್ಟು ಕಿವಿಯಿದ್ದ ಮನುಷ್ಯ ಓದಿದ್ದು ಮಾತ್ರ ಒಂದೂವರೆ ವರ್ಷ.

ಅವನ ಊರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಎರಡು ಮೈಲಿ ಆಚೆಗಿನ ಒಂದು ಹಟ್ಟಿ. ಅಲ್ಲಿ ಎಲ್ಲರಿಗೂ ಹಾಲು ಎಂದರೆ ಆಲು, ಹಸು ಎಂದರೆ ಅಸು. ಬುಡಕಟ್ಟಿನಿಂದ ಬಂದ ಮಾತು. ಶಾಲೆಯ ಮೇಷ್ಟರು ದೂರದ ಊರಿನವರು. ಒಂದು ದಿನ ಓಬಳಯ್ಯನನ್ನು ನಿಲ್ಲಿಸಿ "ಹಾಲು ಅನ್ನು" ಎಂದರು. ಅವನು "ಆಲು" ಎಂದ. ಮತ್ತೆ ಕೇಳಿದರು; ಮತ್ತೆ ಆಲು. ಇಪ್ಪತ್ತು ಸಲವಾದರೂ ಆಗಿರಬಹುದು. ಕೊನೆಗೆ ಮೇಷ್ಟರು ಕೋಲು ಕೆಳಗಿಟ್ಟು, "ನಿಮ್ಮವ್ವನ ನಾಲಿಗೆಯೇ ಕೊಳೆತಿರುವಾಗ ನಿನ್ನದು ಹೇಗೆ ನೆಟ್ಟಗಿರುತ್ತೆ" ಎಂದು ಕೂರಿಸಿದರು. ಹುಡುಗರು ನಕ್ಕರು. ಓಬಳಯ್ಯನಿಗೆ ಮೇಷ್ಟರ ಸದ್ದು ಬೇರೆ, ತನ್ನ ಸದ್ದು ಬೇರೆ ಎಂಬುದು ಚೆನ್ನಾಗಿಯೇ ಕೇಳುತ್ತಿತ್ತು. ಬಾಯಿ ಮಾತ್ರ ಬರಲಿಲ್ಲ. ಮಾರನೆಯ ದಿನ ಅವನು ಸ್ಲೇಟನ್ನು ಒಲೆಯ ಹಿಂದೆ ಇಟ್ಟು, ಎಮ್ಮೆ ಹೊಡೆದುಕೊಂಡು ಹೋದವನು ತಿರುಗಿ ಶಾಲೆಯ ಕಡೆ ಮುಖ ಹಾಕಲಿಲ್ಲ. ಅವನ ತಾಯಿ ನಿಂಗಮ್ಮನಿಗೆ ಯಾಕೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಅವನು ಹೇಳಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವನ ಮನೆಯ ಮುಂಭಾಗದ ಕೋಣೆಗೆ ಶಶಿಕಲಾ ಎಂಬ ಟೀಚರು ಬಾಡಿಗೆಗೆ ಬಂದಳು. ನಲವತ್ತರ ಹೆಣ್ಣು. ಗಂಡ ಕುಣಿಗಲ್ ಕಡೆಯ ಬಸ್ಸಿನಲ್ಲಿ ಕಂಡಕ್ಟರು, ಭಾನುವಾರಕ್ಕೊಮ್ಮೆ ಬರುತ್ತಿದ್ದ. ಗುಬ್ಬಿಯಿಂದ ನಾಲ್ಕು ಮೈಲಿ ದೂರದ ಹಳ್ಳಿಯ ಸರ್ಕಾರಿ ಶಾಲೆಗೆ ಅವಳೊಬ್ಬಳೇ ಟೀಚರು. ಕೊತ್ತಗೆರೆಯವಳು ಎಂದು ತಿಳಿದ ದಿನವೇ ಓಬಳಯ್ಯನ ಹೆಂಡತಿ ಚಿಕ್ಕಗಂಗಮ್ಮ ಅವಳಿಗೆ ಮುದ್ದೆ ಬಸ್ಸಾರು ಕಳಿಸಿದಳು. ಅವಳು ಓಬಳಯ್ಯನನ್ನು ಮಾವ ಎಂದಳು. ಅವನು ಅವಳನ್ನು ಮೇಷ್ಟ್ರಮ್ಮ ಎಂದ. ಅಲ್ಲಿಗೆ ಬಾಡಿಗೆಯ ಸಂಬಂಧ ಮುಗಿದು ನೆಂಟಸ್ತನ ಶುರುವಾಯಿತು.

ಎರಡು ಸಾವಿರದ ಏಳರ ಬೇಸಿಗೆ. ಇನ್ನು ಮೇಲೆ ಒಂದನೆಯ ಕ್ಲಾಸಿನಿಂದಲೇ ಇಂಗ್ಲಿಷು ಎಂದು ಸುದ್ದಿ ಬಂತು. ಶಶಿಕಲಾಳ ಶಾಲೆಯಲ್ಲಿ ಇದ್ದದ್ದು ಹದಿಮೂರು ಮಕ್ಕಳು. ಅದರಲ್ಲಿ ಏಳು ಮಕ್ಕಳು ಒಂದೇ ಬೀದಿಯವು, ಆ ಬೀದಿಯ ಯಜಮಾನ ರಾಮಾಂಜಿನಯ್ಯ. ಅವನು ಪರೀಕ್ಷೆ ಮುಗಿದ ದಿನ ಶಾಲೆಯ ಬಾಗಿಲಿಗೆ ಬಂದು, ಒಳಗೆ ಬಾರದೆ ಹೊಸಿಲಾಚೆಯೇ ನಿಂತು ಮಾತಾಡಿದ.

"ಮೇಡಮ್ಮೋರೆ, ನಿಮ್ ಮ್ಯಾಲೆ ನಮ್ಗೇನೂ ಕ್ವಾಪ ಇಲ್ಲ. ನೀವು ಇಂಗ್ಲೀಸು ಕಲುಸ್ತೀವಿ ಅಂದ್ರೆ ನಮ್ಮೈಕ್ಳು ಇಲ್ಲೇ. ಇಲ್ಲಾಂದ್ರೆ ಜೂನ್ ತಿಂಗ್ಳು ವ್ಯಾನ್ ಹತ್ತುಸ್ತೀವಿ. ಪ್ರೈವೇಟ್‌ನೋರು ಊರ ಬಾಗ್ಲಿಗೇ ವ್ಯಾನ್ ಕಳುಸ್ತಾರಂತೆ."

ಏಳು ಮಕ್ಕಳು ಹೋದರೆ ಉಳಿಯುವುದು ಆರು. ಆರು ಮಕ್ಕಳಿಗೆ ಶಾಲೆ ಯಾಕೆ, ಪಕ್ಕದೂರಿಗೆ ಸೇರಿಸಿ ಬೀಗ ಹಾಕುತ್ತಾರೆ ಎಂಬ ಮಾತು ಆಗಲೇ ಹಬ್ಬಿತ್ತು. ಶಶಿಕಲಾ ಇಂಗ್ಲಿಷು ಕಲಿಸಬೇಕೆಂದರೆ ತುಮಕೂರಿನಲ್ಲಿ ಹದಿನೈದು ದಿನದ ತರಬೇತಿ ಮುಗಿಸಿ, ಕೊನೆಯ ದಿನದ ಪರೀಕ್ಷೆಯಲ್ಲಿ ದಾಟಬೇಕು. ದಾಟದವರಿಗೆ ಮುಂದಿನ ಸರದಿ ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ವ್ಯಾನು ನಾಲ್ಕು ತಿಂಗಳು ಓಡಿರುತ್ತದೆ.

ಅವಳು ಏಳನೆಯ ಕ್ಲಾಸಿನವರೆಗೆ ಇಂಗ್ಲಿಷು ಅಕ್ಷರ ಕಂಡಿದ್ದು ಗೋಡೆಯ ಮೇಲಿನ ಜಾಹೀರಾತಿನಲ್ಲಿ. ಓದಿದರೆ ಅರ್ಥ ಆಗುತ್ತಿತ್ತು, ಬರೆದರೂ ಬರೆಯುತ್ತಿದ್ದಳು. ಬಾಯಿ ಬಿಡುವುದಕ್ಕೆ ಮಾತ್ರ ಜೀವ ಹೋಗುತ್ತಿತ್ತು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ತುಮಕೂರಿಗೆ ಹೋಗಿ ಸಂಜೆ ಐದೂವರೆಯ ಬಸ್ಸಿನಲ್ಲಿ ಬಂದು, ಕೈಕಾಲು ತೊಳೆದವಳೇ ಟೇಪ್ ರೆಕಾರ್ಡರ್ ಹಾಕಿಕೊಂಡು ಜಗುಲಿಗೆ ಕೂರುತ್ತಿದ್ದಳು. ತರಬೇತಿಯ ಹನುಮಂತರಾಜು ಮೇಷ್ಟರು ಒಂದು ಕ್ಯಾಸೆಟ್ ಕೊಟ್ಟಿದ್ದರು. ಅದರಲ್ಲಿ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು ಎರಡೆರಡೇ ಮಾತು ಹೇಳುತ್ತಿದ್ದ. ಪ್ಯಾನ್, ಫ್ಯಾನ್. ಈಟ್, ಹೀಟ್. ಏರ್, ಹೇರ್. ಸಿಪ್, ಶಿಪ್.

ಅವರೆ ಕಾಳು ಆರಿಸುತ್ತಿದ್ದ ಚಿಕ್ಕಗಂಗಮ್ಮ ಮೂಗು ಮುರಿದಳು. "ಇದ್ಯಾಕೆ ಮೇಷ್ಟ್ರಮ್ಮ, ಆವಯ್ಯ ಅಂದಿದ್ದನ್ನೇ ಅಂತಾವ್ನೆ. ಆಡಿದ್ದೇ ಆಡೋ ಕಿಸುಬಾಯಿ ದಾಸ."

ಕಂಬಕ್ಕೊರಗಿ ಕೂತಿದ್ದ ಓಬಳಯ್ಯ ಕಣ್ಣು ಮುಚ್ಚಿಕೊಂಡೇ ಹೇಳಿದ. "ಅಂದಿದ್ದನ್ನೇ ಅಂತಿಲ್ಲ ಕಣೇ. ಎಲ್ಡೂ ಬ್ಯಾರೆ. ತಲೆ ತಾವ ಒಂಚೂರು ಬ್ಯಾರೆ, ಮಿಕ್ಕಿದ್ದೆಲ್ಲ ಒಂದೇಯ."

ಶಶಿಕಲಾ ಟೇಪು ನಿಲ್ಲಿಸಿದಳು. "ಮಾವ, ನಮ್ಮ ಮೇಷ್ಟ್ರೂ ಹಿಂಗೇ ಹೇಳಿದ್ರು. ಒಂದೇ ಒಂದು ಸದ್ದು ಬೇರೆ ಇರೋ ಜೋಡಿ ತಗೊಂಡು ಕೇಳಿದ್ರೆ ಕಿವಿ ಏಳುತ್ತಂತೆ."

ಓಬಳಯ್ಯ ಕಣ್ಣು ಬಿಟ್ಟ. ಅವನ ಎದೆಯಲ್ಲಿ ಏನೋ ಗಿಟಕ್ಕೆಂದಿತು. ಇದು ಹೊನ್ನಯ್ಯನ ಮಾತಲ್ಲವೇ? ಎಲ್ಲಿಯ ಇಂಗ್ಲಿಷು, ಎಲ್ಲಿಯ ಗುಬ್ಬಿ ಅಟ್ಟ. ತುಮಕೂರಿನಲ್ಲಿ ಸೂಟು ಹಾಕಿದವರು ಹೇಳಿಕೊಡುವ ಪಾಠವನ್ನು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಒಬ್ಬ ಮುದುಕ ತನಗೆ ನಲವತ್ತು ವರ್ಷದ ಹಿಂದೆಯೇ ಹೇಳಿಕೊಟ್ಟಿದ್ದ.

"ಅಂಗಾದ್ರೆ ನೀವು ಅನ್ನಿ, ನಾನು ಕೇಳ್ತೀನಿ" ಎಂದ.

ಅಂದಿನಿಂದ ಸಂಜೆ ಸಂಜೆ ಜಗುಲಿಯ ಮೇಲೆ ಅಟ್ಟ ಏರಿತು. ಶಶಿಕಲಾ ಮಾತು ಹೇಳುತ್ತಿದ್ದಳು, ಓಬಳಯ್ಯ ತೀರ್ಪು ಕೊಡುತ್ತಿದ್ದ. ಅರ್ಥ ಅವನಿಗೆ ಬೇಕಿರಲಿಲ್ಲ. ಕಾಯಿಯನ್ನು ಯಾರು ಕೊಳ್ಳುತ್ತಾರೆ, ಯಾರು ತಿನ್ನುತ್ತಾರೆ ಎಂದು ಅವನು ಎಂದೂ ಕೇಳಿದವನಲ್ಲ. ಶಶಿಕಲಾಳೂ ಅವನ ಕಡೆಯವಳೇ; ಪಾಠ ಮಾಡಿ ಮಾಡಿ ಕನ್ನಡದ ಹಕಾರ ಬಾಯಿಗೆ ಹತ್ತಿದ್ದರೂ ಇಂಗ್ಲಿಷು ಎಂದೊಡನೆ ಹಳೆಯ ನಾಲಿಗೆ ತಿರುಗಿ ಬಂದು, ಹೀಟ್ ಎನ್ನಲು ಹೋಗಿ ಈಟ್ ಎನ್ನುತ್ತಿದ್ದಳು. ಆಗ ಅವನು "ಕೆಟ್ಟುದ್ದು" ಎನ್ನುತ್ತಿದ್ದ. ಉಸಿರು ಕಟ್ಟಿ ಹೀಟ್ ಎಂದಾಗ "ಊಂ, ಒಳ್ಳೇದು" ಎನ್ನುತ್ತಿದ್ದ. ಒಳ್ಳೇದು, ಕೆಟ್ಟದ್ದು, ಒಳ್ಳೇದು, ಕೆಟ್ಟದ್ದು. ಅಟ್ಟದ ಮೇಲೆ ನಲವತ್ತು ವರ್ಷ ಆಡಿದ ಎರಡೇ ಮಾತು ಅವು. ಐದು ಸಂಜೆ ಹೀಗೆ ನಡೆಯಿತು. ಇಬ್ಬರಿಗೂ ಖುಷಿ.

ತರಬೇತಿಯ ಏಳನೆಯ ದಿನ ಬಸ್ಸಿಳಿದು ಬಂದ ಶಶಿಕಲಾ ಕೈಕಾಲು ತೊಳೆಯಲಿಲ್ಲ, ಟೇಪು ಹಾಕಲಿಲ್ಲ. ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಅಂಚಿಗೆ ಕೂತಳು.

"ಏನಾತವ್ವ?" ಎಂದಳು ಚಿಕ್ಕಗಂಗಮ್ಮ.

"ಇವತ್ತು ನನ್ನ ನಿಲ್ಲಿಸಿ ಹೇಳ್ಸಿದ್ರು ಅತ್ತೆ. ನಾನು ಏರ್ ಅನ್ನೋ ಕಡೆ ಹೇರ್ ಅಂದೆ. ಎಗ್ ಅನ್ನೋ ಕಡೆ ಹೆಗ್ ಅಂದೆ. ಆ್ಯಪಲ್‌ಗೆ ಹ್ಯಾಪಲ್ ಅಂದೆ. ಎಲ್ಲಾದಕ್ಕೂ ಹಕಾರ ಹಾಕ್ಬಿಟ್ಟೆ. ಹನುಮಂತರಾಜು ಮೇಷ್ಟ್ರು ಏನಂದ್ರು ಗೊತ್ತಾ? 'ಅಮ್ಮಾ, ಬಂದಾಗ ನಿಮ್ಮ ಹತ್ರ ಒಂದು ತಪ್ಪಿತ್ತು, ಈಗ ಎರಡಾಗಿದೆ, ಯಾರು ಹೇಳ್ಕೊಡ್ತಿದಾರೆ ನಿಮ್ಗೆ' ಅಂದ್ರು. ಎಲ್ರೂ ನಕ್ಕರು."

ಚಿಕ್ಕಗಂಗಮ್ಮ ಗಂಡನ ಕಡೆ ತಿರುಗಿದಳು. "ಓದ್ಯಾ ಪಿಸಾಚಿ ಅಂದ್ರೆ ಬಂದೆ ಗವಾಕ್ಸೀಲಿ ಅಂದಂಗಾತು. ಕಾಯಿ ಕುಲುಕೋನ ಕೈಗೆ ಇಂಗ್ಲೀಸು ಕೊಟ್ರೆ ಇನ್ನೇನಾದಾತು?"

ಆ ಸಂಜೆ ಓಬಳಯ್ಯ ಮುದ್ದೆಯನ್ನು ಅರ್ಧಕ್ಕೆ ಬಿಟ್ಟ. ನಕ್ಕರು ಎಂಬ ಮಾತು ಅವನಿಗೆ ತಗುಲಿತ್ತು. ಹಟ್ಟಿಯ ಶಾಲೆಯಲ್ಲಿ ತಾನು ಕೇಳಿದ ನಗು ಯಾವುದೋ, ತುಮಕೂರಿನಲ್ಲಿ ಅವಳು ಕೇಳಿಸಿಕೊಂಡು ಬಂದ ನಗುವೂ ಅದೇ. ಅದನ್ನು ತಾನೇ ಕೈಯಾರೆ ಅವಳಿಗೆ ತಂದುಕೊಟ್ಟಂತಾಯಿತಲ್ಲ.

ಬೆಳಗಾಗೆದ್ದು ಮಂಡಿಗೆ ಹೋಗಿ ಅಟ್ಟದ ಮೇಲೆ ಕೂತ. ಎಡಗೈಯಲ್ಲಿ ತಾಯಿಕಾಯಿ, ಬಲಗೈಯಲ್ಲಿ ಇನ್ನೊಂದು. ಬಲಗೈಯದು ಗುಳುಗುಳು ಎಂದಿತು, ನೀರು. ಅದನ್ನು ಕೆಟ್ಟ ರಾಶಿಗೆ ಎಸೆಯಲು ಕೈ ಎತ್ತಿದವನು ಹಾಗೇ ನಿಂತ. ಇಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು, ನಿಜ. ಆದರೆ ಆ ಟೇಪಿನ ಜೋಡಿಯಲ್ಲಿ? ಈಟ್ ಎಂದರೆ ತಿನ್ನುವುದು, ಹೀಟ್ ಎಂದರೆ ಕಾವು ಎಂದು ಅವಳೇ ಒಂದು ಸಲ ಹೇಳಿದ್ದಳು. ಮುದ್ದೆಗೆ ಎರಡೂ ಬೇಕು. ಎರಡೂ ಒಳ್ಳೆಯ ಕಾಯೇ. ಒಂದು ಎಳನೀರಿಗೆ, ಒಂದು ಕೊಬ್ಬರಿಗೆ. ತಾನು ಅಟ್ಟದ ಬುದ್ಧಿಯನ್ನು ಜಗುಲಿಗೆ ಇಳಿಸಿ, ಒಂದಕ್ಕೆ ಒಳ್ಳೇದು ಒಂದಕ್ಕೆ ಕೆಟ್ಟದ್ದು ಎಂದು ಮುದ್ರೆ ಒತ್ತಿದ್ದ. ಕೆಟ್ಟದ್ದು ಎಂದ ಸದ್ದನ್ನು ಆ ಹೆಣ್ಣುಮಗಳು ಹೆದರಿ ಬಾಯಿಂದಲೇ ಓಡಿಸಿಬಿಟ್ಟಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಅವನು ಎದ್ದು ಕೆಲಸ ಮಾಡುತ್ತಿದ್ದ. ಆದರೆ ಯೋಚನೆ ಇನ್ನೊಂದು ಮೆಟ್ಟಿಲು ಹತ್ತಿತು. ಹಟ್ಟಿಯ ಶಾಲೆಯ ಆ ಮೇಷ್ಟರೂ ಇದನ್ನೇ ಮಾಡಿದ್ದರಲ್ಲವೇ? ಹಾಲು ಒಳ್ಳೆಯದು, ಆಲು ಕೊಳೆತದ್ದು. ಅವ್ವ ಕರೆಯುತ್ತಿದ್ದ ಕರೆ, ಅವ್ವ ಹಾಡುತ್ತಿದ್ದ ಸೋಬಾನೆ, ಅವ್ವ ಕೊನೆಯ ದಿನ "ಒಂಚೂರು ಆಲು ಕೊಡು ಮಗ" ಎಂದು ಕೇಳಿದ್ದು. ಅದು ಕೊಳೆತ ಕಾಯಲ್ಲ. ಬೇರೆ ಕಾಯಿ, ಅಷ್ಟೇ. ಅರವತ್ತೆಂಟು ವರ್ಷದ ಓಬಳಯ್ಯ ಆ ಹಗಲು ಹೊತ್ತಿನಲ್ಲಿ ಕಾಯಿಗಳ ನಡುವೆ ಕೂತು ಟವೆಲಿನಿಂದ ಕಣ್ಣು ಒರೆಸಿಕೊಂಡ. ಅವನ ಪಾಲಿಗೆ ಅದು ದುಃಖವಲ್ಲ. ಅರವತ್ತು ವರ್ಷ ಯಾರದೋ ರಾಶಿಯಲ್ಲಿ ಬಿದ್ದಿದ್ದ ಅವ್ವನ ಮಾತು ಮನೆಗೆ ಬಂದ ಹಾಗಿತ್ತು.

ಸಂಜೆ ಅವನು ಶಶಿಕಲಾಳ ಮುಂದೆ ಒಂದು ಬಟ್ಟೆಯ ಚೀಲ ಇಟ್ಟ. ಒಳಗೆ ಹತ್ತು ಹುಣಸೆ ಬೀಜ, ಹತ್ತು ಅವರೆ ಕಾಳು.

"ಮೇಷ್ಟ್ರಮ್ಮ, ತಪ್ಪು ನಂದು. ಒಳ್ಳೇದು ಕೆಟ್ಟುದ್ದು ಅಂತ ಯೋಳಿ ನಿಮ್ಮ ಬಾಯಿ ಕೆಡಿಸ್ದೆ. ಇನ್ಮ್ಯಾಕೆ ಆ ಮಾತಿಲ್ಲ. ನೋಡ್ದೆ ಕೈ ಆಕಿ ಒಂದು ತೆಗೀರಿ. ಉಣಸೆ ಬೀಜ ಬಂದ್ರೆ ಉಸುರು ಬಿಡೋ ಮಾತು, ಅವರೆ ಬಂದ್ರೆ ಬಿಡ್ದೆ ಇರೋ ಮಾತು. ಏನ್ ಬಂತೂಂತ ನಂಗೆ ತೋರ್ಸ್‌ಬೇಡಿ. ನಾನು ಕೇಳಿ ಬೀಜದೆಸ್ರು ಯೋಳ್ತೀನಿ. ಉಣಸೆ ಏನು ಒಳ್ಳೇದೂ ಅಲ್ಲ, ಅವರೆ ಏನು ಕೆಟ್ಟುದ್ದೂ ಅಲ್ಲ. ಸಾರಿಗೆ ಎಲ್ಡೂ ಬೇಕು."

"ಟೇಪಲ್ಲೇ ಕೇಳಿ ಹೇಳಿದ್ರೆ ಆಗಲ್ವಾ ಮಾವ? ಅದ್ರಲ್ಲಿ ನಂಗೆ ಹತ್ತಕ್ಕೆ ಹತ್ತು ಬರುತ್ತೆ."

"ಅದ್ರಲ್ಲಿ ಗಿಣಿಗೂ ಬತ್ತದೆ. ಆವಯ್ಯ ಯಾವಾಗ್ಲೂ ಉಸುರಿಲ್ದಿದ್ದು ಮೊದ್ಲು, ಉಸುರಿರೋದು ಆಮ್ಯಾಕೆ. ನೀವು ಕಿವೀಲಿ ಕೇಳ್ತಿಲ್ಲ, ಸರದೀಲಿ ಯೋಳ್ತಿದೀರ. ಯಾವ ರಾಶೀದು ಅಂತ ಗೊತ್ತಿದ್ರೆ ಯಾವ ಕೂಲಿಯೋನೂ ಕಾಯಿ ಗುರ್ತು ಇಡೀತಾನೆ. ರಾಶಿ ಕಲಸಿ ಕೊಡ್ಬೇಕು, ಆಗ ತಿಳೀತದೆ ಬಂಡವಾಳ."

ರಾಶಿ ಕಲಸಿದ ಮೇಲೆ ಬಂಡವಾಳ ತಿಳಿಯಿತು. ಮೊದಲ ಸಂಜೆ ಇಪ್ಪತ್ತರಲ್ಲಿ ಹನ್ನೊಂದು. ಅಂದರೆ ಕಣ್ಣು ಮುಚ್ಚಿ ಕಲ್ಲೆಸೆದಷ್ಟೇ. ಶಶಿಕಲಾ ತಲೆ ಮೇಲೆ ಕೈ ಹೊತ್ತಳು. ಓಬಳಯ್ಯ ಮಾತ್ರ, "ಈಗ ದಾರಿಗೆ ಬಂದ್ರಿ" ಎಂದು ಬೀಡಿ ಹಚ್ಚಿದ.

ಹೇಳುವುದೇನೋ ಸರಿ. ಕೇಳುವ ಅಭ್ಯಾಸಕ್ಕೆ ಏನು ಮಾಡುವುದು? ಟೇಪಿನವನ ಸರದಿ ಬದಲಾಗದು. ಓಬಳಯ್ಯನ ಕಿವಿ ಹೇಳಿದ್ದು ಅವನ ನಾಲಿಗೆಗೆ ಬಾರದು. ಆಗ ನೆನಪಾದದ್ದು ಚಿಕ್ಕಗಂಗಮ್ಮ.

ಚಿಕ್ಕಗಂಗಮ್ಮ ಹುತ್ರಿದುರ್ಗದ ಬುಡದ ಹಳ್ಳಿಯವಳು. ನವಿಲು, ಕೊತ್ತಿ, ಬೀಗಿತ್ತಿ, ಊರ ಪಟೇಲ, ಯಾರನ್ನಾದರೂ ಅಣಕಿಸಬಲ್ಲ ಹೆಂಗಸು. ತನ್ನ ಮಾತಿನಲ್ಲಿ ಅವಳಿಗೂ ಹಕಾರ ಇಲ್ಲ. ಆದರೆ ಪೇಟೆಯ ವಕೀಲರ ಹೆಂಡತಿಯನ್ನು ಅಣಕಿಸುವಾಗ, "ಹಾಲು ಹೆಪ್ಪು ಹಾಕಿದ್ದೀಯೇನೇ ಹುಡುಗಿ" ಎಂದು ಒಂದೂ ಬಿಡದೆ ಅಚ್ಚುಕಟ್ಟಾಗಿ ಹೇಳುತ್ತಿದ್ದಳು. ಮೂರು ಸಂಜೆ ಟೇಪಿನವನನ್ನು ಕೇಳಿದ್ದೇ, ಅವನ ಗಂಟಲು ಕೆರೆಯುವುದನ್ನೂ ಸೇರಿಸಿ ಹಾಗೆ ಹಾಗೇ ಒಪ್ಪಿಸಿದಳು.

ಶಶಿಕಲಾ ನಗು ತಡೆಯಲಾರದೆ, "ಅತ್ತೆ, ನೀವೇ ಹೋಗಿ ಪರೀಕ್ಷೆ ಬರೀರಿ" ಎಂದಳು.

"ಬರ್ದೇನು. ಸಂಬ್ಳ ನಂಗೆ ಕೊಡ್ತಾರಾ ಕೇಳು."

ಚಿಕ್ಕಗಂಗಮ್ಮ ಚೀಲದಿಂದ ಬೀಜ ತೆಗೆದು ಮಾತು ಹೇಳುವುದು, ಶಶಿಕಲಾ ಕೇಳಿ ಬೀಜದ ಹೆಸರು ಹೇಳುವುದು, ಓಬಳಯ್ಯ ನಡುವೆ ಕೂತು ಪಂಚಾಯ್ತಿ ಮಾಡುವುದು. ಶಶಿಕಲಾ ಅವಳ ಬಾಯನ್ನೇ ನೋಡುತ್ತಿದ್ದುದನ್ನು ಕಂಡು ಓಬಳಯ್ಯ ಒಳಗಿನಿಂದ ಮೊರ ತಂದು ಹೆಂಡತಿಯ ಮುಖಕ್ಕೆ ಅಡ್ಡ ಹಿಡಿದ. "ಕಣ್ಣು ನೋಡ್ತಾ ಇದ್ರೆ ಕಿವಿ ಸೋಮಾರಿ ಆಯ್ತದೆ. ಒನ್ನಯ್ಯ ನಂಗೆ ಕಣ್ಣಿಗೆ ಟವಲ್ ಕಟ್ತಿದ್ದ."

"ಮದ್ವೆ ದಿನವೂ ಈವಯ್ಯ ನನ್ನ ಮೊಕ ನೋಡಿಲ್ಲ, ಈಗ ಮೊರ ಬ್ಯಾರೆ" ಎಂದಳು ಮೊರದ ಹಿಂದಿನಿಂದ ಚಿಕ್ಕಗಂಗಮ್ಮ.

ಒಂದು ಜೋಡಿ ಮಾತ್ರ ಮೂವರನ್ನೂ ಸತಾಯಿಸಿತು. ಕನ್ನಡದಲ್ಲಿ ಬರೆದರೆ ಎರಡೂ ವೆಸ್ಟ್ ಎಂದೇ ಆಗುತ್ತದೆ. ಒಂದು ಬನಿಯನ್ನು, ಇನ್ನೊಂದು ಪಡುವಣ ದಿಕ್ಕು. ಶಶಿಕಲಾಳಿಗೆ ಎರಡೂ ಒಂದೇ ಕೇಳುತ್ತಿತ್ತು. ಓಬಳಯ್ಯ ಟೇಪನ್ನು ಹಿಂದೆ ಓಡಿಸಿ ಓಡಿಸಿ ಹನ್ನೆರಡು ಸಲ ಕೇಳಿ, "ಒಂದ್ರಲ್ಲಿ ಸೊಳ್ಳೆ ಅದೆ, ಒಂದ್ರಲ್ಲಿ ಇಲ್ಲ" ಎಂದ. ಮೊದಲನೆಯದರ ತಲೆಯಲ್ಲಿ ಕಿವಿಯ ಹತ್ತಿರ ಸೊಳ್ಳೆ ಹಾರಿದಂತೆ ಸಣ್ಣಗೆ ಗುಯ್ ಎನ್ನುವುದು. ಮಾರನೆಯ ದಿನ ಶಶಿಕಲಾ ಹನುಮಂತರಾಜು ಮೇಷ್ಟರನ್ನು ಕೇಳಿದಾಗ, ಮೇಲಿನ ಹಲ್ಲು ಕೆಳದುಟಿಗೆ ತಾಕಿ ಗಾಳಿ ಉಜ್ಜಿಕೊಂಡು ಬರುವುದರಿಂದ ಹಾಗೆ ಎಂದು ಹೇಳಿ, "ಯಾರಮ್ಮ ನಿಮ್ಗೆ ಹೇಳ್ಕೊಡ್ತಿರೋದು" ಎಂದು ಎರಡನೆಯ ಸಲ ಕೇಳಿದರು. ಈ ಸಲ ದನಿ ಬೇರೆ ಇತ್ತು.

"ನಮ್ಮ ಮನೆ ಓನರ್ ಸಾರ್. ಕೊಬ್ಬರಿ ಕೆಲಸದವರು."

ಹನ್ನೊಂದು ಹದಿಮೂರಾಯಿತು, ಹದಿಮೂರು ಹದಿನಾರಾಯಿತು. ಪರೀಕ್ಷೆಯ ಹಿಂದಿನ ಸಂಜೆ ಹದಿನೇಳು. ಹದಿನಾಲ್ಕು ಬಂದರೆ ದಾಟಿದ ಹಾಗೆ. ಆದರೂ ತುಮಕೂರಿನ ಜನದ ಎದುರು ಬಾಯಿ ಒಣಗಿದರೆ ಹದಿನೇಳು ಏಳಾಗುವುದಕ್ಕೆ ಎಷ್ಟು ಹೊತ್ತು?

ಪರೀಕ್ಷೆಯ ದಿನ ಓಬಳಯ್ಯ ಅಟ್ಟದ ಮೇಲಿದ್ದ. ಕೈ ಕಾಯಿಯ ಮೇಲಿತ್ತು, ಕಿವಿ ಪ್ಯಾಸೆಂಜರ್ ರೈಲು ಹತ್ತಿ ಹೋಗಿತ್ತು. ಮಧ್ಯಾಹ್ನ ಕೆಳಗಿನಿಂದ ಚನ್ನವೀರಯ್ಯನವರು ಒಂದು ಕಾಯಿ ಎತ್ತಿ ಹಿಡಿದು, "ಓಬಳಯ್ಯ, ಇದೇನಪ್ಪ, ನೀರು ಕಾಯಿ ಕೊಬ್ಬರಿ ರಾಶೀಲಿ ಕೂತೈತೆ. ಹುಷಾರಿಲ್ವಾ?" ಎಂದರು. ನಲವತ್ತು ವರ್ಷದಲ್ಲಿ ಮೊದಲ ಸಲ. ಅವನು ನಾಚಿ, ಆ ರಾಶಿಯನ್ನೆಲ್ಲ ಅಟ್ಟಕ್ಕೆ ತರಿಸಿಕೊಂಡು ಮತ್ತೆ ಮೊದಲಿನಿಂದ ಕೇಳಲು ಕೂತ.

ಐದೂವರೆ ದಾಟಿತು. ಅಟ್ಟದ ಏಣಿಯ ಬುಡದಲ್ಲಿ ಸೀರೆಯ ಸೆರಗು ಕಂಡಿತು. ಶಶಿಕಲಾ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಮಂಡಿಗೆ ಬಂದಿದ್ದಳು.

"ಮಾವ, ಇಪ್ಪತ್ತರಲ್ಲಿ ಹದಿನೆಂಟು."

ಓಬಳಯ್ಯ ಮೇಲಿನಿಂದ ಬಗ್ಗಿ ನೋಡಿದ. "ಇನ್ನೆಲ್ಡು ಯಾವು?"

"ಸೊಳ್ಳೇದೇ ಮಾವ. ಎರಡೂ ಸೊಳ್ಳೇವು."

"ಆಗ್ಲಿ ಬುಡಿ. ಸೊಳ್ಳೆ ಯಾರ ಕೈಗೂ ಸಿಗಾಕಿಲ್ಲ" ಎಂದು ನಕ್ಕವನು, ಇಳಿಯುವಾಗ ಏಣಿಯ ಒಂದು ಮೆಟ್ಟಿಲು ತಪ್ಪಿ ಕೊನೆಯ ಎರಡನ್ನು ಜಾರಿಕೊಂಡೇ ಬಂದ.

ಜೂನ್ ಮೊದಲ ವಾರ ಶಾಲೆ ತೆರೆಯಿತು. ಶಶಿಕಲಾ ಗಂಡಹೆಂಡಿರಿಬ್ಬರನ್ನೂ ಬಲವಂತ ಮಾಡಿ ಕರೆದುಕೊಂಡು ಹೋದಳು. ರಾಮಾಂಜಿನಯ್ಯ ತನ್ನ ಬೀದಿಯವರನ್ನು ಕಟ್ಟಿಕೊಂಡು ಬಂದು ಹೊಸಿಲಾಚೆ ನಿಂತಿದ್ದ. ಒಪ್ಪಿದ ಹಾಗೂ ಇಲ್ಲ, ಬಿಟ್ಟ ಹಾಗೂ ಇಲ್ಲ. ನೋಡಿ ಹೇಳುತ್ತೇವೆ ಎಂಬ ನಿಲುವು. ಓಬಳಯ್ಯ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಾಗ ಒಂದು ಗಳಿಗೆ ತಡೆದ. ಎಮ್ಮೆ ಹೊಡೆದುಕೊಂಡು ಹೋದ ದಿನದಿಂದ ಇವತ್ತಿನವರೆಗೆ ಅವನು ಯಾವ ಶಾಲೆಯ ಹೊಸಿಲನ್ನೂ ದಾಟಿರಲಿಲ್ಲ.

ಶಶಿಕಲಾ ಪ್ರತಿ ಮಗುವಿನ ಎದುರೂ ಒಂದು ಹುಣಸೆ ಬೀಜ, ಒಂದು ಅವರೆ ಕಾಳು ಇಟ್ಟಳು. ಮೊರವನ್ನು ಬಾಯಿಗೆ ಅಡ್ಡ ಹಿಡಿದು "ಹೀಟ್" ಎಂದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದವು. "ಈಟ್" ಎಂದಳು. ಮತ್ತೆ "ಹೀಟ್". ನಾಲ್ಕನೆಯ ಸಲಕ್ಕೆ ಒಂದು ಕೈ ಮೇಲೆದ್ದಿತು, ಬೆರಳಲ್ಲಿ ಹುಣಸೆ ಬೀಜ. ಎಂಟನೆಯ ಸಲಕ್ಕೆ ಹದಿಮೂರು ಕೈ. ತಪ್ಪಿದವರನ್ನು ಯಾರೂ ತಪ್ಪು ಎನ್ನಲಿಲ್ಲ. ಅವಳು ಆ ಮಾತನ್ನು ತರಗತಿಯಿಂದಲೇ ಆಚೆಗಿಟ್ಟಿದ್ದಳು. "ಇನ್ನೊಂದು ಬೀಜ ನೋಡು ಮಗಾ" ಎನ್ನುತ್ತಿದ್ದಳು, ಅಷ್ಟೇ. ರಾಮಾಂಜಿನಯ್ಯ ಎಷ್ಟು ಹೊತ್ತಿಗೆ ಒಳಗೆ ಬಂದು ಚಾಪೆಯ ತುದಿಗೆ ಕೂತನೋ ಅವನಿಗೇ ಗೊತ್ತಿರಲಿಲ್ಲ. ಅವನೂ ಬಾಯೊಳಗೇ ಏನೋ ಉಸಿರು ಬಿಟ್ಟು ನೋಡುತ್ತಿದ್ದ.

"ಈಗ ತಾತ ಹೇಳ್ತಾರೆ, ನೀವು ಕೇಳಿ" ಎಂದು ಶಶಿಕಲಾ ಚೀಲವನ್ನು ಓಬಳಯ್ಯನ ಮುಂದೆ ಹಿಡಿದಳು.

"ಬ್ಯಾಡ ಕಣವ್ವಾ."

"ಒಂದೇ ಒಂದು ಮಾವ."

ಅವನು ಕೈ ಹಾಕಿದ. ಹುಣಸೆ ಬೀಜ. ಮುಷ್ಟಿಯೊಳಗೆ ಮುಚ್ಚಿಕೊಂಡು, ಮೊರ ಅಡ್ಡ ಹಿಡಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಹೇಳಿದ. ಮಕ್ಕಳು ಗಲಿಬಿಲಿಯಾದವು. ಕೆಲವು ಅತ್ತ, ಕೆಲವು ಇತ್ತ. ಮುಂದಿನ ಸಾಲಿನಲ್ಲಿ ಎರಡು ಜಡೆ ಹಾಕಿಕೊಂಡಿದ್ದ ರಾಮಾಂಜಿನಯ್ಯನ ಮೊಮ್ಮಗಳು ಮಂಜುಶ್ರೀ ಮಾತ್ರ ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ಕೂತು, ಅವರೆ ಕಾಳನ್ನು ಎತ್ತಿ ಹಿಡಿದಳು.

ಓಬಳಯ್ಯ ಮೊರ ಇಳಿಸಿ ಮುಷ್ಟಿ ಬಿಚ್ಚಿದ. "ನನ್ ಕೈಲಿರೋದು ಉಣಸೆ ಕಣವ್ವ."

ಮಗು ಹೆದರಲಿಲ್ಲ. "ಆದ್ರೆ ನೀನು ಅಂದಿದ್ದು ಅವರೆ ತಾತ."

ಅರವತ್ತು ವರ್ಷದ ಹಿಂದೆ ಇಂಥದೇ ಗೋಡೆಗಳ ನಡುವೆ ಇದೇ ಸದ್ದಿಗೆ ಎಲ್ಲರೂ ನಕ್ಕಿದ್ದರು. ಇಲ್ಲಿ ಯಾರೂ ನಗಲಿಲ್ಲ. ಮೊದಲು ನಕ್ಕವನು ಓಬಳಯ್ಯನೇ. ಎದ್ದು ಹೋಗಿ ಆ ಮಗುವಿನ ಎರಡೂ ಕಿವಿಯನ್ನು ಸವರಿ ತನ್ನ ಹಣೆಗೆ ಬೆರಳು ಒತ್ತಿ ನೆಟಿಕೆ ಮುರಿದ. "ಸರ್ಯಾಗಿ ಕೇಳ್ದೆ ಮಗಾ. ನಾನು ಅಂದಿದ್ದು ಅವರೇಯ. ರಾಮಾಂಜಿನಯ್ಯ, ಈ ಕಿವೀನ ವ್ಯಾನ್ ಅತ್ತುಸ್‌ಬೇಡ ಕಣಪ್ಪ, ಇಲ್ಲೇ ಇರ್ಲಿ."

"ಹತ್ತುಸ್ನಾ?" ಎಂದ ರಾಮಾಂಜಿನಯ್ಯ, ಕೈಯಲ್ಲಿದ್ದ ಅವರೆ ಕಾಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಳ್ಳುತ್ತ. "ವ್ಯಾನ್‌ನೋನಿಗೆ ಇವತ್ತೇ ಯೋಳಿ ಕಳುಸ್ತೀನಿ, ಬರ್ಬೇಡ ಅಂತ."

ಶಾಲೆ ಉಳಿಯಿತು. ಶಶಿಕಲಾ ಮುಂದೆಯೂ ಬಹಳ ವರ್ಷ ಅಲ್ಲೇ ಕಲಿಸಿದಳು. ಯಾರಾದರೂ ಎಲ್ಲಿ ಇಂಗ್ಲಿಷು ಕಲಿತಿರಿ ಎಂದು ಕೇಳಿದರೆ, ಅರ್ಧ ತುಮಕೂರಿನಲ್ಲಿ, ಅರ್ಧ ಗುಬ್ಬಿ ಜಗುಲಿಯ ಮೇಲೆ ಎನ್ನುತ್ತಿದ್ದಳು. ಪ್ರತಿ ಜೂನಿನಲ್ಲಿ ಹೊಸ ಬೀಜಗಳನ್ನು ಚಿಕ್ಕಗಂಗಮ್ಮನ ಕೈಯಿಂದಲೇ ಎಣಿಸಿಕೊಂಡು ಹೋಗುತ್ತಿದ್ದಳು.

ಆ ವರ್ಷ ಮಂಡಿಯಲ್ಲಿ ಅಟ್ಟ ಇಳಿಸುವ ದಿನ ಓಬಳಯ್ಯ ಎಂದಿನಂತೆ ಹೊನ್ನಯ್ಯನ ಹೆಸರಲ್ಲಿ ಒಂದು ಕಾಯಿ ಆರಿಸಿದ. ಆಮೇಲೆ ಇನ್ನೊಂದನ್ನೂ ಆರಿಸಿದ. ಮನೆಗೆ ತಂದು ದೇವರ ಗೂಡಿನಲ್ಲಿ ಎರಡನ್ನೂ ಇಡುವುದನ್ನು ಕಂಡ ಚಿಕ್ಕಗಂಗಮ್ಮ, "ಇದ್ಯಾರ್ದು?" ಎಂದಳು.

"ನಮ್ಮವ್ವಂದು" ಎಂದ.

ಇಡುವ ಮುಂಚೆ ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ಒಂದಾದ ಮೇಲೊಂದು ಅಲ್ಲಾಡಿಸಿ ಕೇಳಿದ. ಎರಡೂ ಬೇರೆ ಬೇರೆಯಾಗಿ, ಎರಡೂ ಚೆನ್ನಾಗಿ ಮಾತಾಡಿದವು.